ಬೆರಳ ತುದಿಯ ಕಪ್ಪು

ಅಂದು ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದ ಆತ್ಯಾಳ ತೋರುಬೆರಳು ದತ್ತಾತ್ರೇಯನ ಕಣ್ಣಿಗೆ ಬಿತ್ತು. ಬಿತ್ತು ಎನ್ನುವುದೂ ಸರಿಯಲ್ಲ; ಆ ಬೆರಳು ಅವನಿಗೆ ಬುದ್ಧಿ ತಿಳಿದಾಗಿನಿಂದ ಕಣ್ಣೆದುರಿಗೇ ಇತ್ತು. ಮಣೆಯ ಮೇಲೆ ಮರಳು ಹರವಿ ಅವನ ಕೈ ಹಿಡಿದು ಶ್ರೀಕಾರ ತಿದ್ದಿಸಿದ್ದು ಆ ಬೆರಳು. ಜ್ವರ ಬಂದ ದಿನ ಹಣೆಗೆ ಅಂಗಾರ ಎಳೆದದ್ದು, ತಾಯಿಯ ಚಿತೆ ಉರಿಯುತ್ತಿದ್ದ ದಿಕ್ಕನ್ನು ಮನೆಯ ಕಿಟಕಿಯಿಂದ ತೋರಿಸಿದ್ದು ಆ ಬೆರಳು. ಉಗುರಿನ ಸಂದಿಯಿಂದ ಮೊದಲ ಗೆಣ್ಣಿನವರೆಗೆ ಅದು ಕಪ್ಪಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಬಿಡದ, ಚರ್ಮದ ಗೆರೆಗೆರೆಯಲ್ಲಿ ಇಳಿದು ಕೂತ ಕಪ್ಪು. ಇಂಥ ಬೆರಳುಗಳನ್ನು ಡಾಕ್ಟರನಾದ ಅವನು ರಬಕವಿ ಬನಹಟ್ಟಿಗಳ ನೇಕಾರರ ಓಣಿಗಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದ್ದ. ನೋಡಿ, ಬಣ್ಣ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನೂಲಿನ ಬಣ್ಣ. ಆದರೆ ಆತ್ಯಾ ಜನ್ಮದಲ್ಲಿ ಬಣ್ಣದ ನೂಲು ಮುಟ್ಟಿದವಳಲ್ಲ. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತವನ ಮುಂಗೈ ಮೇಲೆ ಪೇಸ್ಟಿನ ಬಿಳಿ ನೊರೆ ಇಳಿದು ಮೊಳಕೈಯವರೆಗೆ ಹರಿಯಿತು.

“ಏನೋ ದತ್ತೂ, ಹಂಗ ನಿಂತೀ? ನನ್ನ ಹಲ್ಲ ಎಷ್ಟ ಉಳದಾವ ಅಂತ ಎಣಸ್ಲಿಕತ್ತೀಯೇನು?” ಎಂದಳು ಕೃಷ್ಣಾಬಾಯಿ. ಅವನ ತಂದೆಯ ಅಕ್ಕ, ಅವನ ಬಾಯಲ್ಲಿ ಆತ್ಯಾ. ಮದುವೆಯ ಅರಿಶಿನ ಆರುವ ಮೊದಲೇ ಗಂಡನನ್ನು ಪ್ಲೇಗಿಗೆ ಕೊಟ್ಟು ತವರಿಗೆ ಮರಳಿದವಳು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು ಈ ಮನೆಯ ಒಲೆಯೆದುರಿಗೆ ಮುದುಕಿಯಾದವಳು.

ಅವನು ಬಾಯಿ ಮುಕ್ಕಳಿಸಿದ. “ಆತ್ಯಾ, ನೀ ತಂಬಾಕ ತಿಂತೀಯೇನು?”

“ರಾಮ ರಾಮ! ಏಕಾದಶೀ ದಿವಸ ಎದ್ದಕೂಡ್ಲೆ ಎಂಥಾ ಮಾತೋ ಇದು! ಈ ಮನ್ಯಾಗ ಗಂಡಸರ ಸುದ್ದಾ ಅದನ್ನ ಮುಟ್ಟಿಲ್ಲ.”

“ಮತ್ತ ಅದೇನು, ಕೈಯಾಗಿಂದು?”

“ಇದಾ? ಇದು ಮಿಶೇರಿ. ಹಲ್ಲ ತಿಕ್ಕೂದು. ಸಣ್ಣಾಂವ ಇದ್ದಾಗ ಹಂಚಿನ ಮುಂದ ಕೂತು ನೀನ ಗಾಳಿ ಹಾಕ್ತಿದ್ದಿ, ಮರತೀಯೇನು?”

ಮರೆತಿರಲಿಲ್ಲ, ಅದೇ ಅವನನ್ನು ಚುಚ್ಚಿದ್ದು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಹಾಕಿ ಕರ್ರಗೆ ಹುರಿದು, ಕುಟ್ಟಿ, ವಸ್ತ್ರಗಾಳ ಮಾಡಿ, ಹಿತ್ತಾಳೆಯ ಡಬ್ಬಿಯಲ್ಲಿ ತುಂಬುವುದನ್ನು ಅವನು ಕಂಡಿದ್ದ. ಕಂಡದ್ದು ತಿಳಿವಾಗಿರಲಿಲ್ಲ. ಮನೆಯ ಕಂಬಗಳ ಹಾಗೆ, ಅಡ್ಡಾಡುವಾಗ ಮೈ ತಾನೇ ತಪ್ಪಿಸಿಕೊಳ್ಳುವ ಒಂದು ವಸ್ತುವಾಗಿ ಅದು ಒಳಗೆಲ್ಲೋ ನಿಂತಿತ್ತು. ಆ ಹೊಗೆಯ ವಾಸನೆ ಅವನಿಗೆ ತಂಬಾಕಿನದಾಗಿರಲಿಲ್ಲ, ಬೆಳಗಿನದಾಗಿತ್ತು. ಮುಂಬಯಿಯ ವಸತಿಗೃಹದಲ್ಲಿ ಊರು ನೆನಪಾದ ದಿನಗಳಲ್ಲಿ ಮೂಗಿಗೆ ಮೊದಲು ಬರುತ್ತಿದ್ದುದು ಅದೇ. ವಿಧವೆಗೆ ಎಲೆಯಡಿಕೆ ವರ್ಜ್ಯ, ಏಕಾದಶಿಗೆ ಅನ್ನ ವರ್ಜ್ಯ. ಮಿಶೇರಿಗೆ ಯಾವ ತಿಥಿಯೂ ಅಡ್ಡಿಯಿಲ್ಲ, ಏಕೆಂದರೆ ಅದು ತಿನ್ನುವುದಲ್ಲ, ಮುಖ ತೊಳೆಯುವ ಶುಚಿಯ ಒಂದು ಅಂಗ. ಆತ್ಯಾ ಈಗ ಕೊಟ್ಟ ಉತ್ತರದಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಬನಹಟ್ಟಿಯ ಹೆಂಗಸರೂ ಇಷ್ಟೇ ನಿರ್ಮಲವಾಗಿ, ಇಷ್ಟೇ ತುಸು ಅವಮಾನಪಟ್ಟುಕೊಂಡು, ತಂಬಾಕು ತಿನ್ನುವುದಿಲ್ಲವೆಂದು ಅವನಿಗೆ ಹೇಳಿದ್ದರು. ಅವನು ಅದನ್ನು ಅಷ್ಟೇ ನಿರ್ಮಲವಾಗಿ ಬರೆದುಕೊಂಡಿದ್ದ.

“ನಿನಗ ಗೊತ್ತಿತ್ತೇನು?” ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ.

“ಏನು?” ಕುಮುದಿನಿ ಚಹಾ ಸೋಸುತ್ತಿದ್ದಳು.

“ಮಿಶೇರಿ ಅಂದ್ರ ತಂಬಾಕು ಅಂತ.”

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಚೇಷ್ಟೆಯಲ್ಲವೆಂದು ಖಾತ್ರಿಯಾದ ಮೇಲೆ ನಕ್ಕಳು. “ಯಾರಿಗೆ ಗೊತ್ತಿಲ್ರೀ ಅದು? ಅವರು ಹುರಿಯೂ ಮುಂದ ನಾ ಕೆಮ್ಮಿ ಕೆಮ್ಮಿ ಸಾಯೂದು ನಿಮಗೊಮ್ಮಿನೂ ಕೇಳಿಸಿಲ್ಲೇನು? ಊರ ಮಂದೀ ಬಾಯಾಗ ಬ್ಯಾಟರಿ ಹಾಕಿ ನೋಡ್ತೀರಿ. ತಗೋರಿ, ಆರ್ತದ.”

ಭಾನುವಾರ. ಜಮಖಂಡಿಯ ಪೇಟೆಯಲ್ಲಿನ ಅವನ ದವಾಖಾನೆಗೆ ರಜೆ. ಭಾನುವಾರಗಳನ್ನು ಅವನು ಬನಹಟ್ಟಿಗೆ ಕೊಟ್ಟುಬಿಟ್ಟಿದ್ದ. ಇಂದು ಹೋಗದಿದ್ದರೆ ಯಾರೂ ಕೇಳುವವರಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಧೂಳಿನಲ್ಲಿ ಹಿಂದೆ ಸರಿಯುವ ಜೋಳದ ಹೊಲಗಳನ್ನು ನೋಡುತ್ತ, ತನ್ನ ತಪ್ಪನ್ನು ಅಲ್ಲಿಯವರಿಗೆ ಎಲ್ಲಿಂದ ಹೇಳಲು ಶುರುಮಾಡಬೇಕೆಂದು ಯೋಚಿಸಿದ. ಮುಂಬಯಿಯಲ್ಲಿ ಕಲಿಯುತ್ತಿದ್ದಾಗ ಬಾಯಿಯ ಕ್ಯಾನ್ಸರಾಗಿ ಕೆನ್ನೆಯಲ್ಲಿ ತೂತು ಬಿದ್ದ, ದವಡೆ ಅರ್ಧ ಕರಗಿದ ಮನುಷ್ಯರು ವಾರ್ಡಿನ ಕೊನೆಯ ಸಾಲಿನಲ್ಲಿ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದರು. ಅವರು ನೋವಿಗೆ ನರಳಿದಾಗ ತನ್ನ ಕಡೆಯ ಕನ್ನಡದಲ್ಲಿ ನರಳುವುದು ಕೇಳಿ ಅವನು ಬೆಚ್ಚಿದ್ದ. ರೋಗ ಬಂದ ಮೇಲೆ ಕತ್ತರಿಸುವುದಷ್ಟೇ ನಮ್ಮ ಕೆಲಸ, ಎಂದಿದ್ದರು ಅಲ್ಲಿನ ಹಿರಿಯರು. ಬಾರದಂತೆ ತಡೆಯುವುದಿದ್ದರೆ ಅದು ಅವರ ಊರಿನಲ್ಲಿ, ಅವರ ಅಂಗಳದಲ್ಲಿ. ನೀನು ಹೋಗಿ ಕೇಳು, ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ, ಬಾಯಿಯ ಯಾವ ಮಗ್ಗುಲಲ್ಲಿ ಏನಿಟ್ಟುಕೊಳ್ಳುತ್ತಾರೆ. ಅವನು ಬಂದು ಕೇಳಿದ. ಗಂಡಸರ ಮಾತು ಸರಳವಾಗಿತ್ತು. ಮಗ್ಗದ ಕುಣಿಯಲ್ಲಿ ಎರಡೂ ಕೈಗೆ ಪುರಸೊತ್ತಿಲ್ಲದ ನೇಕಾರ ಬೆಳಿಗ್ಗೆ ಕೆನ್ನೆಯಲ್ಲಿ ಒತ್ತಿದ ತಂಬಾಕು ಸುಣ್ಣ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಿತ್ತು, ಹುಣ್ಣು ಬಂದರೆ ಅದೇ ಕೆನ್ನೆಗೆ ಬರುತ್ತಿತ್ತು. ಆದರೆ ಹೆಂಗಸರ ಒಸಡುಗಳಲ್ಲಿ ಯಾಕೆ? ತಂಬಾಕೆಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಈ ಹೆಂಗಸರಲ್ಲಿ? ತಿಂಗಳುಗಟ್ಟಲೆ ಆ ಪ್ರಶ್ನೆಯನ್ನು ಹೊತ್ತು ತಿರುಗಿದ. ಒಂದು ದಿನ, ಒಸಡಿಗೆ ಹುಣ್ಣಾಗಿದ್ದ ನೇಕಾರರ ಸಾತವ್ವನ ಜಗಲಿಯಲ್ಲಿ, ಅವಳು ಲಾಳಿಗೆ ಹಾಕುವ ಕೆಂಪು ನೂಲಿನ ಕಂಡಿಕೆ ಸುತ್ತುತ್ತ, ಎಳೆ ಹರಿದಾಗ ಅದರ ತುದಿಯನ್ನು ತುಟಿಗೆ ಒಯ್ದು ಎಂಜಲಿನಿಂದ ಹದಮಾಡಿ ಹೊಸೆಯುವುದನ್ನು ಕಂಡ. ಅವಳ ತೋರುಬೆರಳ ತುದಿ ಕಪ್ಪಾಗಿತ್ತು. ಆ ಕ್ಷಣದ ಹಿಗ್ಗು ಈಗಲೂ ಎದೆಯಲ್ಲಿ ನಾಚಿಕೆಗೆಟ್ಟು ಉಳಿದಿತ್ತು: ಕವಿತೆಯ ಕೊನೆಯ ಸಾಲು ತಾನಾಗಿ ಬಂದು ಕೂಡಿಕೊಂಡಂಥ ಹಿಗ್ಗು. ಕೆಂಪು ಬಣ್ಣದ ನೂಲು ಬೆರಳನ್ನು ಕಪ್ಪು ಮಾಡುವುದು ಹೇಗೆಂದು ಅವನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಹೆಂಗಸರ ಒಸಡಿನ ಹುಣ್ಣಿಗೆ ನೂಲಿನ ಬಣ್ಣವೇ ಕಾರಣವೆಂದು ಬೆಳಗಾವಿಯಲ್ಲಿ ಡಾಕ್ಟರರ ಸಭೆಯಲ್ಲಿ ಪ್ರಬಂಧ ಓದಿದ. ಚಪ್ಪಾಳೆ ಬಿದ್ದಿತು. ತೊಳೆದು ತೊಳೆದು ಬಿಳುಪೇರಿದ, ಸರ್ಜನ್ನರೊಬ್ಬರ ಕೈ ಅವನ ಕೈ ಹಿಡಿದು ಕುಲುಕಿತು.

ಪಕ್ಕದಲ್ಲಿದ್ದ ಬೆಲ್ಲದ ವ್ಯಾಪಾರಿಯೊಬ್ಬ ಮೊಣಕೈಯಿಂದ ತಿವಿದ. “ಡಾಕ್ಟ್ರ, ನಾವೆಲ್ಲಾ ಮುಂಬೈ ಬಿಟ್ಟ ಮೈಸೂರಿಗೆ ಸೇರತೇವಂತ, ಖರೇನ್ರಿ?”

“ಹಂಗ ಕಾಣ್ತದ.”

“ನೋಡ್ರಿ. ಮದಲ ರಾಜರ ಕಡಿ ಇದ್ವಿ, ಆಮ್ಯಾಲ ಮುಂಬೈ, ಈಗ ಮೈಸೂರ. ನಾವ ಕುಂತಲ್ಲೇ ಕುಂತೇವಿ, ಊರ ಒಯ್ಯಾಕತ್ತಾರ!” ತನ್ನ ಮಾತಿಗೆ ತಾನೇ ನಕ್ಕು, ಕಿಟಕಿಯಾಚೆ ತಂಬಾಕಿನ ರಸ ಉಗುಳಲು ದತ್ತಾತ್ರೇಯನ ತೊಡೆಯ ಮೇಲೆ ಬಾಗಿದ. “ನಿಮಗ ಸಿಡೀಲಿಲ್ಲಲ್ರಿ?” ಸಿಡಿದಿತ್ತು. ಇಲ್ಲವೆಂದ.

ಬನಹಟ್ಟಿಯಲ್ಲಿ ಇಳಿದಾಗ ಓಣಿ ತುಂಬ ಮಗ್ಗದ ಸಪ್ಪಳ. ಮೊದಮೊದಲು ಈ ಸಪ್ಪಳದೊಳಗೆ ಹೊಕ್ಕಾಗ ತಾನೂ ಏನೋ ನೇಯುತ್ತಿದ್ದೇನೆ ಅನ್ನಿಸುತ್ತಿತ್ತು. ಇಂದು ಅದು ಬಾಗಿಲು ಬಾಗಿಲಿನಿಂದ ಬೈಯುವಂತೆ ಕೇಳಿತು. ಮೊದಲು ಶಿದ್ರಾಮಪ್ಪನ ಅಂಗಡಿಗೆ ಹೋದ. ಓಣಿಯ ಮನೆಗಳಿಗೆ ನೂಲು ಕೊಟ್ಟು ಸೀರೆ ತಿರುಗಿ ಪಡೆಯುವ ಸಾವಕಾರ ಆತ; ಬೆಳಗಾವಿಯ ಚಪ್ಪಾಳೆಯ ನಂತರ ಬಂದು ಹೇಳಿದ ಇವನ ಮಾತನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು, ಹೆಂಗಸರಿಗೆ ಬಣ್ಣದ ನೂಲು ಕೊಡುವುದನ್ನೇ ನಿಲ್ಲಿಸಿದವನು.

“ಆ ಮಾತು ತಪ್ಪಾತು, ಶಿದ್ರಾಮಪ್ಪ,” ಎಂದ ದತ್ತಾತ್ರೇಯ, ಕೊಟ್ಟ ಗಾದಿಯ ತುದಿಯಲ್ಲಿ ಕೂತು. ಹಾದಿಯುದ್ದಕ್ಕೂ ಹೊಸೆದಿದ್ದ ವಾಕ್ಯಗಳಲ್ಲಿ ಇದು ಯಾವುದೂ ಆಗಿರಲಿಲ್ಲ. “ಬಣ್ಣದಾಗ ದೋಷ ಇಲ್ಲ. ಹೆಂಗಸರಿಗೆ ಕೆಂಪು ನೂಲು ಮತ್ತ ಕೊಡ್ರಿ.”

ಶಿದ್ರಾಮಪ್ಪ ಕನ್ನಡಕವನ್ನು ಹಣೆಗೇರಿಸಿದ. “ತಪ್ಪಂದ್ರ ಹೆಂಗ್ರಿ? ಬೆಳಗಾವ್ಯಾಗ ಎಲ್ಲಾರೂ ಹೌದಂದಿದ್ರಲ್ಲ?”

“ಅವರಿಗೂ ಗೊತ್ತಿರಲಿಲ್ಲ.”

“ನಾ ಈಗ ಗಂಡಾಳ ಇಟಗೊಂಡೇನಿ ಸಾಹೇಬ್ರ, ದೊಡ್ಡ ರಾಟಿ ತಂದ ಹಾಕೇನಿ. ನೀವ ಶಾಣ್ಯಾರು. ಆದ್ರ ನಿಮ್ಮ ಶಾಸ್ತ್ರ ವರ್ಸಕ್ಕೊಂದ ಸಲ ಹೊಳ್ಳಿ ಮಕ್ಕೊಂಡ್ರ, ನಮ್ಮ ಧಂದೇನೂ ಅದರ ಕೂಡ ಹೊಳ್ಳಬೇಕಂದ್ರ ಹೆಂಗ್ರಿ?” ಎಂದು ಗೌರವದಿಂದಲೇ ಕೇಳಿದ. ಚಹಾ ತರಿಸುತ್ತೇನೆಂದ. ಬೇಡವೆಂದು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡಬಲ ತಪ್ಪಿತು. ಗುಮಾಸ್ತ ನಗು ನುಂಗಿದ್ದು ಬೆನ್ನಿಗೆ ತಿಳಿಯಿತು. ಸುಳ್ಳು ಒಂದೇ ಸಲ ಹೇಳಿದರೂ ಸಾಕಿತ್ತು, ಖರೆ ಎಷ್ಟು ಸಲ ಹೇಳಬೇಕಾದೀತೋ ಎಂದುಕೊಂಡ. ಸುಳ್ಳೆಂದೂ ಅಲ್ಲ. ನಂಬಿ ಹೇಳಿದ್ದು. ಆ ಭೇದದಿಂದ ಯಾರಿಗೇನು ಉಪಕಾರವಾಯಿತು?

ಸಾತವ್ವನ ಮನೆಯಲ್ಲಿ ಮಗ್ಗ ನಿಂತಿರಲಿಲ್ಲ. ಮಗ ಹಣಮಪ್ಪ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ. ಡಾಕ್ಟರನ್ನು ಕಂಡು ಲಾಳಿ ತಡೆದು, ಕೆನ್ನೆಯೊಳಗಿದ್ದುದನ್ನು ನಾಲಿಗೆಯಿಂದ ಆಚೆ ಮಗ್ಗುಲಿಗೆ ಸರಿಸಿ, “ಬರ್ರಿ” ಅಂದ. ಸಾತವ್ವ ಮೂಲೆಯಲ್ಲಿ ಗೋಡೆಗಾನಿಕೊಂಡಿದ್ದಳು. ಸೆರಗಿನಿಂದ ಮುಚ್ಚಿದ ಅರ್ಧ ಮುಖ ಕಳೆದ ಭಾನುವಾರಕ್ಕಿಂತ ದಪ್ಪಗಿತ್ತು. ಗಾಯದ ವಾಸನೆ ಹೊಸ ನೂಲಿನ ಗಂಜಿಯ ಹುಳಿವಾಸನೆಯೊಂದಿಗೆ ಕೂಡಿ ಕೋಣೆಯ ತುಂಬ ನಿಂತಿತ್ತು. ಸೊಸೆ ತಂಗೆವ್ವ ಬಿಳಿ ನೂಲಿನ ಲಡಿ ಬಿಡಿಸುತ್ತ ಕೂತಿದ್ದಳು. ಚೂಪು ಕಣ್ಣಿನ, ಚೂಪು ಮಾತಿನ ಹುಡುಗಿ. ಅವಳ ತೋರುಬೆರಳನ್ನು ನೋಡಬಾರದೆಂದುಕೊಂಡೇ ದತ್ತಾತ್ರೇಯ ನೋಡಿದ. ತುದಿಯಲ್ಲಿ ಮಸಿಯ ನೆರಳು, ಇನ್ನೂ ಚರ್ಮದೊಳಗೆ ಇಳಿಯದೆ ಮೇಲೇ ಇದ್ದದ್ದು.

ಅವನು ಹೇಳಿದ. ನೂಲಿನದಲ್ಲ, ಮಿಶೇರಿಯದು ಎಂದ. ಹುರಿದರೂ ಪುಡಿಮಾಡಿದರೂ ಅದು ತಂಬಾಕೇ, ಗಂಡಸರ ಕೆನ್ನೆಗೆ ಅದು ಮಾಡಿದ್ದನ್ನು ನಿಮ್ಮ ಒಸಡಿಗೂ ಮಾಡುತ್ತದೆ ಎಂದ. ಹೇಳುತ್ತ ಹೋದಂತೆ ತನ್ನ ದನಿ ಬೆಳಗಾವಿಯ ಸಭೆಯ ದನಿಯಾಗುತ್ತಿರುವುದನ್ನು ಕೇಳಿಸಿಕೊಂಡು ಅಸಹ್ಯಪಟ್ಟ. ನಿಲ್ಲಿಸಲು ಬರಲಿಲ್ಲ.

ಹಣಮಪ್ಪನೇ ಮೊದಲು ಕೇಳಿದ: “ಅಂದ್ರ ಕೆಂಪ ನೂಲಿನಾಗ ಏನೂ ಇಲ್ಲೇನ್ರಿ?”

“ಇಲ್ಲ.”

“ಒಂದ ವರ್ಸಾತ್ರಿ ನಮ್ಮ ಮನೀಗಿ ಕೆಂಪ ನೂಲ ಬಂದಿಲ್ಲ. ಅವ್ವನ ಕಂಡಿಕಿ ಅಂದ್ರ ಓಣ್ಯಾಗೆಲ್ಲಾ ಹೆಸರಿತ್ರಿ. ಸೀರಿ ದಡಿಗಿ ಅಕಿ ಸುತ್ತಿದ್ದ ಬೇಕಂತಿದ್ರು.” ಅವನು ಬೈಯಲಿಲ್ಲ. ಲಾಳಿಯನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡಿದ, ಅದರಲ್ಲಿ ಏನೋ ಸಿಕ್ಕಿಕೊಂಡಿರುವಂತೆ.

ಬೈದವಳು ತಂಗೆವ್ವ. “ಹ್ವಾದ ಸಲ ಬಣ್ಣ ಅಂದ್ರಿ, ಈಗ ಮಿಶೇರಿ ಅಂತೀರಿ. ಬರೂ ಸಲ ಏನಂತೀರಿ, ರೊಟ್ಟಿ ಅಂತೀರೇನ್ರಿ?”

“ಲೇ ತಂಗೀ, ಸುಮ್ಕಿರ,” ಎಂದ ಹಣಮಪ್ಪ.

“ನಾ ಯಾಕ ಸುಮ್ಕಿರ್ಲಿ? ಡಾಕ್ಟ್ರ, ಒಂದ ಕೇಳತೇನಿ. ನಿಮ್ಮ ಮನ್ಯಾಗ ಯಾರೂ ತಿಕ್ಕೂದಿಲ್ಲೇನ್ರಿ ಇದನ್ನ?”

ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಬಿದ್ದಿದ್ದ ಬಿಸಿಲು, ಕೆಂಪು ಸೀರೆ, ಬೆರಳು. ಇಲ್ಲವೆಂದರೆ ಮುಗಿಯುತ್ತಿತ್ತು, ಇವರು ಜಮಖಂಡಿಗೆ ಬಂದು ನೋಡುವವರಲ್ಲ. ಆದರೆ ಅವನ ಕಿವಿ ಬಿಸಿಯಾಗಿ ಕೆಂಪೇರಿದ್ದು ತಂಗೆವ್ವನಿಗೆ ಆಗಲೇ ಕಂಡಿತ್ತು.

“ತಿಕ್ಕತಾರ,” ಎಂದಳು ಅವಳು ತಾನೇ, ಲಡಿಗೆ ಹೇಳುವಂತೆ. “ಹಂಗಾರ ಮದಲ ಅವರನ್ನ ಬಿಡಿಸಿ ಬರ್ರಿ. ಅವರು ಬಿಟ್ರ ನಾನೂ ಬಿಡತೇನಿ. ಖರೆ ಹೇಳತೇನಿ, ನಮ್ಮ ಬನಶಂಕರೀ ಆಣಿ.”

ಸಾತವ್ವ ಗೋಡೆಯ ಮೂಲೆಯಿಂದ ಕೈ ಎತ್ತಿದಳು. ಮಾತು ಅವಳ ಬಾಯಿಂದ ಒದ್ದೆ ಬಟ್ಟೆ ಹಿಂಡಿದಂತೆ ಬರುತ್ತಿತ್ತು. “ಅದನ್ನ ಹಚ್ಚಿದ್ರ... ತುಸು ನೋವ ಕಡಿಮಿ ಆಕ್ಕೈತ್ರಿ.” ತುಸು ತಡೆದು, “ಬಿಟ್ರ ಹೊಕ್ಕೈತೇನ್ರಿ ಇದು?”

ಅವಳನ್ನು ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಿರೆಂದು ಅವನು ಹೇಳಿದ್ದು ಹಳೆಯ ಮಾತು. ಆಗ ಹೋಗಲಿಲ್ಲ, ಈಗ ಹೋದರೂ ಅಷ್ಟೇ. “ಸೊಸಿ ಬಿಡಲಿ, ಸಾತವ್ವಾ,” ಎಂದ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಉತ್ತರವೇ ಆಗಿತ್ತು ಎಂಬುದು ಅವಳಿಗೆ ತಿಳಿಯಿತು. ಮುಚ್ಚದೆ ಉಳಿದ ಅರ್ಧ ಮುಖ ತಿರುಗಿಸಿ ಸೊಸೆಯ ಕೈಯನ್ನು ನೋಡುತ್ತ ಕೂತಳು. ಹಲ್ಲು ನೋವೆಂದು ಅತ್ತ ಎಳೆಯ ಸೊಸೆಗೆ ಮಿಶೇರಿಯ ಮೊದಲ ಚಿಟಿಕೆ ಕೊಟ್ಟವಳು ಅವಳೇ ಇರಬೇಕು. ತಂಗೆವ್ವ ಆ ಕೈಯನ್ನು ನೂಲಿನ ಲಡಿಯ ಕೆಳಗೆ ಸರಿಸಿದಳು.

ತಿರುಗಿ ಬರುವ ಬಸ್ಸಿನಲ್ಲಿ ಅವನಿಗೆ ತಂಗೆವ್ವನ ಮಾತಲ್ಲದೆ ಬೇರೇನೂ ಇರಲಿಲ್ಲ. ಸಭೆ, ಪ್ರಬಂಧ, ಮುಂಬಯಿ, ಎಲ್ಲವೂ ಒಂದು ಮುದುಕಿಯ ಹಿತ್ತಾಳೆ ಡಬ್ಬಿಯಷ್ಟಕ್ಕೆ ಇಳಿದಿದ್ದವು. ಆತ್ಯಾ ಬಿಟ್ಟರೆ ಆ ಹುಡುಗಿ ಬಿಡುತ್ತಾಳೆ. ಇಷ್ಟು ನಿಚ್ಚಳವಾದ ಕಾರಣ–ಪರಿಣಾಮ ಅವನ ಎಲ್ಲ ಶೋಧನೆಯಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ಆತ್ಯಾಳ ಬಾಯಿಯಲ್ಲಿ ಏನಾದರೂ ಇದ್ದೇ ಇರುತ್ತದೆ ಎಂದುಕೊಂಡ. ಇಷ್ಟು ವರ್ಷ ತಿಕ್ಕಿದ ಮೇಲೆ ಒಸಡಿನ ಮಡಿಕೆಯಲ್ಲಿ ಬಿಳಿಯ ಮಚ್ಚೆಯಾದರೂ ಇರಬೇಕು. ತೋರಿಸಿ ಹೇಳಿದರೆ ಹೆದರಿಯಾಳು, ಬಿಟ್ಟಾಳು. ಹಾಗೆ ಅಂದುಕೊಳ್ಳುತ್ತ, ತನಗೆ ಅನ್ನ ಕಲಸಿ ಹಾಕಿದವಳ ಬಾಯಲ್ಲಿ ರೋಗವಿರಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಹೊಳೆದು, ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದ. ಸರಳು ಬಿಸಿಲಿಗೆ ಕಾದಿತ್ತು. ಬಿಡಲಿಲ್ಲ.

ಸಂಜೆ ಕೃಷ್ಣಾಬಾಯಿ ಪಡಸಾಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಉಪವಾಸದ ದಿನದ ಅವಳ ಮುಖ ಒಣಗಿದ ಎಲೆಯಂತೆ ಹಗುರವಾಗಿರುತ್ತಿತ್ತು. ಅವನು ಎದುರಿಗೆ ನೆಲದ ಮೇಲೆ ಕೂತು ಬ್ಯಾಟರಿ ಪಕ್ಕಕ್ಕಿಟ್ಟ. ಏನೆಂದು ಕೇಳುವ ಮೊದಲೇ ಎಲ್ಲವನ್ನೂ ಹೇಳಿದ. ಬೆರಳು, ನೂಲು, ಸಾತವ್ವ, ತಂಗೆವ್ವನ ಆಣೆ, ಎಲ್ಲ. ಅವಳು ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು.

“ಅಂದ್ರ ಆ ನೇಕಾರ ಹುಡಿಗಿಗೆ ತೋರಸ್ಲಿಕ್ಕೆ ನಾ ಬಿಡಬೇಕು.”

“ನಿನ್ನ ಸಲುವಾಗಿನೂ, ಆತ್ಯಾ.”

“ನನ್ನ ಸಲುವಾಗಿ!” ಹತ್ತಿಯ ಎಳೆಯನ್ನು ಬೆರಳ ತುದಿಗೆ ತಿರುವಿದಳು. “ನನ್ನ ಸಲುವಾಗಿ ಅಂತ ಹೇಳೇ ಎಲ್ಲಾನೂ ಬಿಡಿಸಿದ್ರಪಾ ಈ ಮನ್ಯಾಗ. ಕೂದಲಾ ತಗಿಸಿದ್ರು. ಅಳಲಿಲ್ಲಂತ ಎಲ್ಲಾರೂ ಹೊಗಳಿದ್ರು. ಎಲಿ ಅಡಿಕಿ ಬ್ಯಾಡಂದ್ರು, ಉಳ್ಳಾಗಡ್ಡಿ ಬ್ಯಾಡಂದ್ರು, ಹೂವ ನೋಡಿದ್ರ ಮುಖಾ ತಿರವು ಅಂದ್ರು. ಇದೊಂದು ಯಾರಿಗೂ ನೆನಪಾಗ್ಲಿಲ್ಲ. ನಮ್ಮವ್ವನ ಕಲಿಸಿದ್ಲು, ಅದ ವರ್ಷ. ಬಾಯಿಗೆ ಏನರೆ ಒಂದು ಬೇಕಲ್ಲವಾ ಅಂತ ಹೇಳಿ, ತನ್ನ ಡಬ್ಬೀದಾಗಿಂದ ಕೊಟ್ಲು.” ಸ್ವಲ್ಪ ನಕ್ಕಳು. “ಈಗ ನಿನಗ ನೆನಪಾತು.”

ಕುಮುದಿನಿ ದೇವರ ಮುಂದೆ ದೀಪ ಹಚ್ಚಿ ಒಳಗೆ ಹೋದಳು. ತಾನು ಕೇಳುತ್ತಿರುವುದು ಮುದುಕಿಯ ಚಟವನ್ನಲ್ಲ, ಕತ್ತರಿ ಹಿಡಿದವರ ಕಣ್ಣು ತಪ್ಪಿಸಿ ಉಳಿದ ಒಂದು ಎಳೆಯನ್ನು ಎಂದು ತಿಳಿದೂ ಅವನು ಏಳಲಿಲ್ಲ. “ಬಾಯಿ ನೋಡ್ತೀನಿ ಆತ್ಯಾ. ಒಂದ ಸಲ.”

“ನಾ ಮಡೀಲೆ ಇದ್ದೀನಿ, ಮುಟ್ಟಬ್ಯಾಡ. ದೂರಿಂದ ನೋಡು.” ಬತ್ತಿಗಳ ತಟ್ಟೆ ಪಕ್ಕಕ್ಕಿಟ್ಟು, ಅವನ ಕಡೆ ಮುಖ ಎತ್ತಿ ಬಾಯಿ ತೆರೆದಳು. “ಆದ್ರ ಕಂಡದ್ದ ಹೇಳಬೇಕು. ಅಂಜಸ್ಲಿಕ್ಕೆ ಇಲ್ಲದ್ದ ಹೇಳಬಾರ್ದು.”

ಅವನು ಬ್ಯಾಟರಿ ಹಾಕಿದ. ಅವಳೇ ತನ್ನ ಕಪ್ಪು ಬೆರಳಿನಿಂದ ಕೆನ್ನೆಯನ್ನು ಎಳೆದು ಹಿಡಿದಳು; ಮೊದಲು ಬಲ, ಆಮೇಲೆ ಎಡ, ಆಮೇಲೆ ಕೆಳದುಟಿ. ಹಲ್ಲುಗಳ ಬುಡ ಕಂದುಗಪ್ಪು. ಆದರೆ ಒಸಡು ಎಳೆಯ ಕೂಸಿನದರಂತೆ ಗುಲಾಬಿಯಾಗಿತ್ತು. ಬೆಳಕನ್ನು ಓರೆ ಮಾಡಿದ, ನೇರ ಮಾಡಿದ. ಮಡಿಕೆಗಳಲ್ಲಿ, ನಾಲಿಗೆಯ ಅಡಿಯಲ್ಲಿ, ಅಂಗುಳಿನಲ್ಲಿ ಹುಡುಕಿದ. ಬಿಳುಪಿಲ್ಲ, ಕೆಂಪಿಲ್ಲ, ಗಂಟಿಲ್ಲ. ಆರೋಗ್ಯವಂತ ಬಾಯಿಯೊಂದು ಒದ್ದೆಯಾಗಿ ಅವನೆದುರಿಗೆ ಹೊಳೆಯುತ್ತಿತ್ತು. ಮೊದಲು ಎದೆಯಲ್ಲಿ ಏನೋ ಸಡಿಲವಾಯಿತು. ಮರುಕ್ಷಣವೇ ಅಲ್ಲಿ ಸಿಟ್ಟು ತುಂಬಿತು. ಯಾರ ಮೇಲೆಂದು ತಿಳಿಯದ ಸಿಟ್ಟು. ಒಂದು ಮಚ್ಚೆ, ಎಳ್ಳಿನಷ್ಟು, ಇದೆ ಎಂದುಬಿಟ್ಟರಾಯಿತು. ಅವಳಿಗೆ ಕಾಣುವುದಿಲ್ಲ. ತಪ್ಪನ್ನು ಖರೆಯೆಂದು ನಂಬಿ ಹೇಳಿ ಒಂದು ಮನೆಯ ಕೆಲಸ ಕಿತ್ತವನಿಗೆ, ಸುಳ್ಳನ್ನು ಸುಳ್ಳೆಂದು ತಿಳಿದು ಹೇಳಿ ಒಂದು ಹುಡುಗಿಯ ಬಾಯಿ ಉಳಿಸುವುದು ಅಷ್ಟು ಕಠಿಣವೇ? ನಾಲಿಗೆ ಆ ವಾಕ್ಯದ ಮೊದಲ ಅಕ್ಷರದವರೆಗೆ ಹೋಗಿತ್ತು. ಅವಳ ಕಣ್ಣುಗಳು, ಬಾಯಿ ತೆರೆದಿದ್ದರೂ, ಅವನನ್ನೇ ನೋಡುತ್ತಿದ್ದವು.

“ಏನೂ ಇಲ್ಲ,” ಎಂದ. ಬ್ಯಾಟರಿ ಆರಿಸಿದ.

ಗೆದ್ದೆನೆಂದು ಅವಳು ನಗಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಂಡು, “ಆ ಸಾತವ್ವಗ ಬಂತು, ನನಗ ಬರಲಿಲ್ಲ. ಯಾಕೋ?” ಎಂದಳು.

“ಗೊತ್ತಿಲ್ಲ ಆತ್ಯಾ. ತಿಕ್ಕಿದವರಿಗೆಲ್ಲಾ ಬರೂದಿಲ್ಲ. ಬಂದವರು ಬಹಳಷ್ಟು ತಿಕ್ಕಿದವರ ಇರ್ತಾರ. ಅಷ್ಟ ಗೊತ್ತದ.”

“ಇಷ್ಟ ಓದಿ ಅಷ್ಟ?”

“ಅಷ್ಟ.”

“ಆ ಹುಡಿಗಿಗೆ ಹಿಂಗ ಹೇಳಿ ಬಂದೀಯೇನು, ಗೊತ್ತಿಲ್ಲಂತ?”

ಅವನು ಹೇಳಿರಲಿಲ್ಲ. ಬನಹಟ್ಟಿಯಲ್ಲಿ ಅವನು ಎರಡು ಸಲವೂ ಗೊತ್ತಿದೆ ಎಂದೇ ಹೇಳಿ ಬಂದಿದ್ದ. ಆತ್ಯಾ ಮತ್ತೆ ಹತ್ತಿ ಕೈಗೆತ್ತಿಕೊಂಡಳು. ಬಿಡುತ್ತೇನೆಂದೂ ಅನ್ನಲಿಲ್ಲ, ಬಿಡುವುದಿಲ್ಲವೆಂದೂ ಅನ್ನಲಿಲ್ಲ. ಹತ್ತಿಯ ಬಿಳುಪಿನಲ್ಲಿ ಆ ಬೆರಳು ಮಾತ್ರ ಹೋಗಿಬಂದು ಮಾಡುತ್ತಿತ್ತು. ಊಟದಲ್ಲಿ ಅವನಿಗೆ ರುಚಿ ಹತ್ತಲಿಲ್ಲ. ಉಪ್ಪು ಕಡಿಮೆಯೆಂದು ಕುಮುದಿನಿಯ ಮೇಲೆ ರೇಗಿದ. ಉಪ್ಪು ಸರಿಯಾಗಿಯೇ ಇತ್ತು.

ಮರುದಿನ ದ್ವಾದಶಿ. ಪಾರಣೆಗಾಗಿ ಆತ್ಯಾ ಎಲ್ಲರಿಗಿಂತ ಮೊದಲು ಏಳುವ ದಿನ. ಅವನು ಹಾಸಿಗೆಯಲ್ಲಿ ಕಣ್ಣು ತೆರೆದಾಗ 'ಗಿಲಕ್' ಎಂದು ಹಿತ್ತಲಿನ ಬಾವಿಯ ಗಡಗಡಿ ಸದ್ದುಮಾಡಿತು, ಕೊಡ ನೀರಿಗೆ ಬಡಿಯಿತು, ಒಲೆಗೆ ಕಟ್ಟಿಗೆ ಸರಿಸಿದ್ದು ಕೇಳಿಸಿತು. ಅವನು ಮಿಶೇರಿ ಹುರಿಯುವ ವಾಸನೆಗೆ ಮೂಗಿನಿಂದ ಕಾಯುತ್ತಿದ್ದ. ಕಾಯುವುದೆಂದರೆ ಹೀಗೆ ಮೈಯೆಲ್ಲ ಒಂದೇ ಇಂದ್ರಿಯವಾಗುವುದೆಂದು ಅವನಿಗೆ ಗೊತ್ತಿರಲಿಲ್ಲ. ಬರಲಿಲ್ಲ. ಒದ್ದೆ ಸಗಣಿಯ ವಾಸನೆ ಬಂತು, ಕಾಯುವ ಹಾಲಿನದು ಬಂತು, ಅದು ಬರಲಿಲ್ಲ. ಹೊದಿಕೆಯೊಳಗೆ ಅವನ ಮುಖ ತಾನಾಗಿ ಅರಳಿತು. ಬಿಟ್ಟಳು. ಕಾರಣವಿಲ್ಲದೆ, ಪುರಾವೆಯಿಲ್ಲದೆ, ಬಾಯಲ್ಲಿ ಏನೂ ಇಲ್ಲದೆ, ಕಂಡರಿಯದ ಒಬ್ಬ ಹುಡುಗಿಗಾಗಿ. ಆಗ ಬಂತು. ಮಾಡಿನ ಸಂದಿನಿಂದ ಮೊದಲು ಎಳೆಯಾಗಿ, ಆಮೇಲೆ ದಟ್ಟವಾಗಿ ಅದೇ ಕಮಟು, ಅದೇ ಸುಟ್ಟೆಲೆಯ ಖಾರ. ಎದ್ದು ಕೂತ. ಅದು ಹಿತ್ತಲಿನಿಂದ ಬರುತ್ತಿರಲಿಲ್ಲ. ಹಿಂದಿನ ಮನೆಯಿಂದ ಬರುತ್ತಿತ್ತು. ಎದುರು ಮನೆಯಿಂದ, ಓಣಿಯ ತಿರುವಿನಲ್ಲಿರುವ ಪುರಾಣಿಕರ ಮನೆಯಿಂದ ಬರುತ್ತಿತ್ತು. ತನ್ನ ಮನೆಯ ಬೆಳಗೆಂದು ಅವನು ಇಷ್ಟು ದಿನ ಉಸಿರಾಡಿದ್ದು ಇಡೀ ಓಣಿಯ ಬೆಳಗಾಗಿತ್ತು. ತಮ್ಮ ಮನೆಯ ಹೊಗೆ ಒಂದು ನಿಂತದ್ದಕ್ಕೆ ಉಳಿದವೆಲ್ಲ ಈಗ ಬೇರೆ ಬೇರೆಯಾಗಿ ಅವನ ಮೂಗಿಗೆ ಸಿಕ್ಕವು.

ಬಚ್ಚಲ ಕಟ್ಟೆಯ ಮೇಲೆ ಕೃಷ್ಣಾಬಾಯಿ ಕೂತಿದ್ದಳು. ಬೆರಳು ಬಾಯಲ್ಲಿತ್ತು. ಹೊರಗೆ ತೆಗೆದಳು, ಅದು ನಿನ್ನೆಯಷ್ಟೇ ಕಪ್ಪಾಗಿತ್ತು.

“ಆತ್ಯಾ...”

“ಇದ್ದಲಿ,” ಎಂದಳು ಅವಳು, ಥೂ ಎಂದು ಉಗುಳಿ. ದನಿಯಲ್ಲಿ ಸಿಡಿಮಿಡಿ. “ಬರೇ ಇದ್ದಲಿ, ತುಸು ಉಪ್ಪು. ಬಾಯಾಗ ಮಣ್ಣ ತುಂಬಿದಂಗ ಆಗೇದ. ಹಂಗ್ಯಾಕ ನೋಡ್ತೀ? ಖರೆ ಅನಸ್ಲಿಲ್ಲಂದ್ರ ಮೂಸಿ ನೋಡು.”

ಸ್ನಾನಕ್ಕೆ ಮುಂಚಿನ ಹೊತ್ತು, ಮುಟ್ಟಿದರೆ ಅಡ್ಡಿಯಿರಲಿಲ್ಲ. ಅವಳು ಕೈ ಚಾಚಿದಳು. ಅವನು ಬಾಗಿ, ಶ್ರೀಕಾರ ಕಲಿಸಿದ ಬೆರಳನ್ನು ತನ್ನ ಬೆರಳುಗಳಲ್ಲಿ ಹಿಡಿದು, ಮೂಗಿನ ಹತ್ತಿರ ತಂದ. ಎಂಜಲಿನ ವಾಸನೆ, ಉಪ್ಪಿನ ತೇವ. ಅದರಡಿಯಲ್ಲಿ ಸುಟ್ಟ ತಂಬಾಕು. ಅದು ಇಂದಿನದೋ, ಐವತ್ತು ವರ್ಷ ಚರ್ಮದೊಳಗೆ ಇಳಿದು ಕೂತದ್ದೋ, ಗೋಡೆಯಾಚೆಯಿಂದ ಗಾಳಿ ತಂದದ್ದೋ ಹೇಳಲು ಬರಲಿಲ್ಲ. ಇನ್ನೊಮ್ಮೆ ಉಸಿರೆಳೆದ. ಹಿಂದಿನ ಮನೆಯಲ್ಲಿ ಯಾರೋ ಹಂಚು ಕೆರೆದರು. ಹೊಗೆಯ ಹೊಸ ಅಲೆಯೊಂದು ಗೋಡೆ ದಾಟಿ ಬಂದು ಬೆರಳನ್ನೂ ಅವನನ್ನೂ ಮುಚ್ಚಿತು.

“ಬಂತೇನು ವಾಸನಿ?”

ಅವಳ ಮುಖ ನೋಡಿದ. ನಿನ್ನೆ ಸಂಜೆ ಬಾಯಿ ತೆರೆದು ಕೂತಾಗ ಇದ್ದ ಕಣ್ಣುಗಳೇ.

“ಇಲ್ಲ,” ಎಂದ.

“ಹಂಗಾರ ಇನ್ನ ನಿಂತೀ ಯಾಕ?” ಕೈ ಬಿಡಿಸಿಕೊಂಡು ಅವಳು ಚೆಂಬಿನ ನೀರು ತೆಗೆದುಕೊಂಡಳು. “ದವಾಖಾನಿ ಮಧ್ಯಾಹ್ನ ತಗದ್ರಾತು. ಹೋಗು, ಬನಹಟ್ಟಿ ಬಸ್ಸ ತಪ್ಪೀತು.”